ಸತ್ತು ಎದ್ದು ನಗುತ್ತಿದ್ದವರು

ಮೂಗಿನ ಮೇಲೆ ನೊಣ ಕೂತರೂ ನಮ್ಮ ಯಜಮಾನರು ಅಲುಗುತ್ತಿರಲಿಲ್ಲ. ಹನೂರು, ರಾಮಾಪುರದ ಕಡೆ ಯಾವ ಸಿನಿಮಾದವರು ಬಂದರೂ ಹೆಣದ ಪಾತ್ರಕ್ಕೆ ಧನಗೆರೆ ಶಿವಮಲ್ಲಪ್ಪನೇ ಆಗಬೇಕು. ಕುಂತೂರು ಫ್ಯಾಕ್ಟರಿಗೆ ಕಬ್ಬು ತುಂಬುವ ಕೆಲಸ ಬಿಟ್ಟು ಓಡುತ್ತಿದ್ದರು. ಎಡಗಾಲು ಎಳೆಯುತ್ತಿದ್ದುದರಿಂದ ನಡೆಯುವ ಪಾತ್ರ ಯಾರೂ ಕೊಡಲಿಲ್ಲ. ಮಲಗುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಉಸಿರನ್ನು ಹೊಟ್ಟೆಯ ಕೆಳಗೆ ಇಳಿಸಿ, ಕಾದ ಬಂಡೆಯ ಮೇಲೆ, ಚಟ್ಟದ ಮೇಲೆ, ಕೆರೆಯ ಕೆಸರಿನಲ್ಲಿ ಗಂಟೆಗಟ್ಟಲೆ ಬಿದ್ದಿರುತ್ತಿದ್ದರು.

ಒಂದೇ ಹಟ. ಸಿನಿಮಾದಲ್ಲಿ ಸತ್ತವರನ್ನು ಕೊನೆಗೆ ಎಬ್ಬಿಸಿ, ಅಪಶಕುನ ಕಳೆಯಲೆಂದು ಕ್ಯಾಮೆರಾ ಮುಂದೆ ನಗಿಸಿ ಕಳಿಸುವ ಪದ್ಧತಿ ಉಂಟು. ಆ ನಗು ಚಿತ್ರದಲ್ಲಿ ಬರುವುದಿಲ್ಲ. ಹೊತ್ತಾಯಿತೆಂದು ಸಿನಿಮಾದವರು ಅವಸರಪಟ್ಟರೆ ಇವರು ಚಟ್ಟ ಬಿಟ್ಟು ಏಳುತ್ತಿರಲಿಲ್ಲ. "ನಗುಸ್ದೆ ಕಳುಸ್ಬೇಡಿ ಸಾ, ಮನೇಲಿ ಎಂಡ್ರು ಅವ್ಳೆ," ಎನ್ನುತ್ತಿದ್ದರಂತೆ. ಆಮೇಲೆ ಹಲ್ಲೆಲ್ಲ ಬಿಟ್ಟು ನಗುತ್ತಿದ್ದರು.

ಹೋದ ವರ್ಷ ಒಂದು ಕಂಪನಿಯವರು ಕೊಳ್ಳೇಗಾಲದ ರೂಮಿಗೆ ಕರೆದು, ಹಸಿರು ಬಟ್ಟೆಯ ಮುಂದೆ ನಿಲ್ಲಿಸಿ, ಮುಖವನ್ನು ಎಲ್ಲ ಕಡೆಯಿಂದ ಕ್ಯಾಮೆರಾದಲ್ಲಿ ತೆಗೆದುಕೊಂಡರು. ಖರ್ಚು ಕಡಿಮೆಯಾಗಬೇಕು, ಇನ್ನು ಬೀಳುವುದು, ಸಾಯುವುದು, ಬೇಯುವುದು ಎಲ್ಲವನ್ನೂ ಎಐ ಮಾಡುತ್ತದೆ, ಕಂಪ್ಯೂಟರೇ ವಿಡಿಯೋ ಕಟ್ಟುತ್ತದೆ ಎಂದರಂತೆ. ಮನೆಗೆ ಬಂದು ಉಣ್ಣದೆ ಕೂತರು.

"ಅದ್ರೊಳಗೆ ಸತ್ತೋನ್ನ ಯಾರು ಎಬ್ಬುಸ್ತರಮ್ಮಿ?"

ನನಗೇನು ಗೊತ್ತು, ಉಣ್ಣಿ ಎಂದೆ.

ಸಂಕ್ರಾಂತಿ ಕಳೆದು ಅವರಿಗೆ ಎದೆನೋವು ಬಂತು, ಉಳಿಯಲಿಲ್ಲ. ಜಗಲಿಯಲ್ಲಿ ಮಲಗಿಸಿದಾಗ ಪಕ್ಕದ ಮನೆಯ ಚನ್ನಮಲ್ಲಮ್ಮ ಬಂದು ಭುಜ ಅಲ್ಲಾಡಿಸಿ, "ಸಾಕು ಏಳಣ್ಣ, ಯಾವ ಕ್ಯಾಮ್ರಾನೂ ಇಲ್ಲ," ಎಂದಳು. ಅವಳ ಮೇಲೆ ನನಗೆ ಕೋಪ ಬರಲಿಲ್ಲ. ನಾನೂ ಕಾಯುತ್ತಿದ್ದೆ.

ಮೂರು ತಿಂಗಳಿಗೆ ಆ ಕಂಪನಿಯ ನಿಂಗರಾಜು ಬಂದ. ಹೊಸ ಸಿನಿಮಾಕ್ಕೆ ಅದೇ ಮುಖ ಬೇಕಂತೆ, ಅವರು ಇಲ್ಲದ ಕಾರಣ ಹೆಂಡತಿಯ ರುಜು ಆಗಬೇಕಂತೆ. ಫೋನಿನಲ್ಲಿ ತೋರಿಸಿದ. ಗದ್ದೆಯ ಬದುವಿನ ಮೇಲೆ ನಮ್ಮ ಯಜಮಾನರು ಎರಡೂ ಕಾಲು ನೆಟ್ಟಗೆ ಊರಿ ನಡೆದು ಬಂದು ಬಿದ್ದರು. ಬಿದ್ದವರು ಬಿದ್ದೇ ಇದ್ದರು. ಅವನು ಮತ್ತೆ ಒತ್ತಿದ. ಮತ್ತೆ ನಡೆದರು, ಮತ್ತೆ ಬಿದ್ದರು.

"ಆಮೇಕೆ ಏಳ್ತರಾ?" ಎಂದೆ.

"ಅಷ್ಟೇ ಕಣಕ್ಕ ಸೀನು. ಅವ್ರಿಗೇನು ನೋವಾಯ್ತದಾ?"

ನಾನು ಬೇಡವೆಂದರೆ ಬೇರೆ ಮುಖ ಹಾಕುತ್ತಾರಂತೆ. ಹಾಕಿಕೊಳ್ಳಲಿ. ದುಡ್ಡು ನನಗೂ ಬೇಕಿತ್ತು.

"ಒಂದ್ಸಲ ಸತ್ತವ್ರೆ, ಸಾಕು ಓಗಪ್ಪ," ಎಂದು ಪೆನ್ನು ವಾಪಸು ಕೊಟ್ಟೆ.

ಪರದೆಯ ಮೇಲೆ ಹೆಸರು ಬಾರದ ಇಂಥ ಜನ ಊರೂರಿಗೂ ಇದ್ದಾರೆ. ಬೇರೆಯವರ ಕಥೆಗಾಗಿ ಬಿದ್ದು, ಬೆಂದು, ನೀರಿನಲ್ಲಿ ತೇಲಿ, ಮೈಯ ಬಣ್ಣ ತೊಳೆದುಕೊಂಡು, ಸಂಜೆ ಬಸ್ಸು ಹಿಡಿದು ಹೆಂಡತಿಮಕ್ಕಳ ಹತ್ತಿರ ಬಂದುಬಿಡುವ ಜನ. ಅವರು ಸಾಯುವುದನ್ನು ಎಲ್ಲರೂ ಚಿತ್ರ ತೆಗೆದರು. ಮನೆಗೆ ಬರುವುದನ್ನು ಯಾರೂ ತೆಗೆಯಲಿಲ್ಲ. ಆ ಮಿಷನ್ನಿಗೆ ಅದು ಎಲ್ಲಿಂದ ಗೊತ್ತಾಗಬೇಕು.