ಕತ್ತರಿಸಿದ ಅಳು

ಮುಂದಿನ ಸೀಟಿನವನ ಫೋನಿನಲ್ಲಿ ಯಾರೋ ಅಳುತ್ತಿದ್ದಾರೆ, ಎಲ್ಲೋ ಕೇಳಿದ ದನಿ, ಯಾರದಿದು, ನನ್ನದೇ, ಅವನ ಅಂಗೈಯಲ್ಲಿ ನಾನೇ ಅಳುತ್ತಿದ್ದೇನೆ, ಅವನು ಶೇಂಗಾ ಅಗಿಯುತ್ತ ನೋಡುತ್ತಿದ್ದಾನೆ — ನಾನೇ ಕೊಂದೆನವ್ವಾ, ನಾನೇ ಕೊಂದೆನವ್ವಾ — ಹೆತ್ತ ತಾಯಿನೇ ಮಗಳನ್ನ ಕೊಂದಾಳ ನೋಡ್ರಿ, ಎಂಥಾ ಕಾಲ ಬಂತು, ಎಂದು ಪಕ್ಕದವನಿಗೆ ಹೇಳುತ್ತಾನೆ, ತಿರುಗಿ ನನ್ನನ್ನೂ ನೋಡುತ್ತಾನೆ, ಗುರುತು ಹತ್ತುವುದಿಲ್ಲ, ಹೇಗೆ ಹತ್ತೀತು, ಅದರಲ್ಲಿರುವವಳು ತಲೆಗೂದಲು ಕೆದರಿಕೊಂಡು ಎದೆ ಬಡಿದುಕೊಳ್ಳುವವಳು, ಇಲ್ಲಿರುವವಳು ಮಸ್ಕಿಯಲ್ಲಿ ಬಸ್ಸು ಹತ್ತಿ, ಕಂಡಕ್ಟರನಿಗೆ ಆಧಾರ್ ಕಾರ್ಡು ತೋರಿಸಿ, ಸೆರಗು ಹೊದ್ದು ಕೂತವಳು, ನೋಡಪ್ಪ, ಚೆನ್ನಾಗಿ ನೋಡು, ಕೊಂದವಳು ನಿನ್ನ ಬೆನ್ನ ಹಿಂದೆಯೇ ಇದ್ದಾಳೆ ಎಂದುಬಿಡಲೇ, ಅನ್ನುವುದಿಲ್ಲ, ನನ್ನ ಮಾತು ಇವತ್ತು ಲಿಂಗಸುಗೂರು ಕೋರ್ಟಿನ ಸಾಹೇಬರಿಗೆ ಮಾತ್ರ, ಇವತ್ತು ಅಳಿಯನ ಜಾಮೀನು, ಅವನ ವಕೀಲ ಇದೇ ಅಳುವನ್ನು ಕೋರ್ಟಿಗೆ ಕೊಟ್ಟಿದ್ದಾನಂತೆ, ತಾಯಿಯೇ ಒಪ್ಪಿಕೊಂಡಿದ್ದಾಳೆ, ಇವನದೇನು ತಪ್ಪು ಎಂದು. ತಮ್ಮ ಸಿದ್ದರಾಮ ಪಕ್ಕದಲ್ಲಿ ಕೂತು ಕಿವಿ ಕಚ್ಚುತ್ತಿದ್ದಾನೆ, ಯಕ್ಕಾ, ನಾ ಹಂಗ ಅಂದೇ ಇಲ್ಲ, ಆ ದನಿ ನಂದಲ್ಲ ಅಂತ ಹೇಳಿಬಿಡು, ಇಲ್ಲಂದ್ರ ಅವ ಹೊರಗ ಬರ್ತಾನ. ಅಂದಿಲ್ಲವೇ, ಅಂದಿದ್ದೇನೆ, ಮಗಳ ಮುಂದೆ ಕೂತು ಅತ್ತ ಅಳುವನ್ನು ನನ್ನದಲ್ಲ ಎಂದು ಬಿಸಾಕಲು ಅದೇನು ಹರಿದ ಸೀರೆಯೇ.

ನಮ್ಮಲ್ಲಿ ಸತ್ತವರ ಮುಂದೆ ಬರಿದೇ ಅಳುವುದಿಲ್ಲ, ಹಾಡ್ಯಾಡಿ ಅಳುತ್ತೇವೆ, ಹುಟ್ಟಿದ್ದು ಬೆಳೆದದ್ದು ಎಲ್ಲ ಹೇಳಿ ತಪ್ಪನ್ನೆಲ್ಲ ಮೈಮೇಲೆ ಹಾಕಿಕೊಂಡು ಅಳುತ್ತೇವೆ, ಜ್ವರದಲ್ಲಿ ಹೋದ ಕೂಸಿನ ಮುಂದೆ ನಮ್ಮವ್ವ ಹೆತ್ತು ನಾನೇ ಕೊಂದೆನಪ್ಪಾ ಎಂದಳು, ಹಾವು ಕಡಿದ ಮಗನ ಮುಂದೆ ಓಣಿಯ ತಿಮ್ಮವ್ವನೂ ಹಾಗೆಯೇ ಎಂದಳು, ಹಾವನ್ನು ಬಿಟ್ಟು ತಿಮ್ಮವ್ವನನ್ನು ಯಾರಾದರೂ ಹಿಡಿದರೇ, ನನ್ನ ಅಳುವನ್ನು ಕತ್ತರಿಸಿ ತೋರಿಸಿದ ಆ ಟೀವಿಯ ವಿರೇಶನೂ ಈ ಕಡೆಯವನೇ, ಸಿಂಧನೂರಿನವನು, ಅವನ ಮನೆಯಲ್ಲಿ ಯಾರೂ ಸತ್ತಿಲ್ಲವೇ, ಅವನವ್ವ ಅತ್ತಿಲ್ಲವೇ, ಗೊತ್ತಿದ್ದೂ ಮಾಡಿದ, ಅದಕ್ಕೇ ನನ್ನ ಹೊಟ್ಟೆ ಉರಿಯುವುದು. ಮಗಳು ಜಯಶ್ರೀಯನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು, ಕುತ್ತಿಗೆಯ ಕಲೆ ಕಾಣದಿರಲಿ ಎಂದು ಹಾರದ ಮೇಲೆ ಹಾರ, ನೇಣು ಹಾಕ್ಕೊಂಡಾಳ ಎಂದು ಹೇಳಿ ಅಳಿಯ ಹೊರಗೆ ಬೇವಿನ ನೆರಳಲ್ಲಿ ನಿಂತಿದ್ದ, ಪೋಸ್ಟ್‌ಮಾರ್ಟಮ್ ವರದಿ ಆಮೇಲೆ ಬಂತು, ನನಗೆ ವರದಿ ಬೇಕಿರಲಿಲ್ಲ, ಹಾರ ಸರಿಸಿ ನೋಡಿದ್ದೆ, ನೋಡಿಯೇ ಹಾಡಿದೆ, ಹೆತ್ತು ನಾನೇ ಕೊಂದೆನವ್ವಾ, ಕಟುಗನ ಕೈಗಿ ಕೊಟ್ಟೆನವ್ವಾ, ಕುತ್ತಿಗಿ ಒತ್ತಿದವ ಬೇವಿನ ಗಿಡದ ಕೆಳಗ ನಿಂತಾನವ್ವಾ — ಊರೆಲ್ಲ ತಿರುಗಿ ಅವನನ್ನು ನೋಡಿತು, ಟೀವಿಯವನೂ ನೋಡಿದ, ಸಂಜೆಗೆ ಟೀವಿಯಲ್ಲಿ ಕಟುಗನಿಲ್ಲ, ಬೇವಿನ ಗಿಡವಿಲ್ಲ, ನಾನೇ ಕೊಂದೆನವ್ವಾ ಅಷ್ಟೇ, ಕೆಳಗೆ ಕೆಂಪು ಅಕ್ಷರ, ಮೇಲೆ ಢಂ ಢಂ ಸದ್ದು, ಅದರಲ್ಲೇ ಕಂಡದ್ದು ನನಗೆ ವಿರೇಶನ ಮೈಕು, ಅಳುವಾಗ ಕಂಡಿರಲಿಲ್ಲ, ನನ್ನ ದನಿ ಸರಿಯಾಗಿ ಸಿಗಲೆಂದು ಹೂವು ಸರಿಸಿ ಮಗಳ ಮಡಿಲಲ್ಲಿ ಇಟ್ಟಿದ್ದ, ಕೂಸು ಕೂಡಿಸಿದ ಹಾಗೆ.

ಕೋರ್ಟಿನ ಗೇಟಿನಲ್ಲಿ ಅವನೇ, ವಿರೇಶ, ಕ್ಯಾಮೆರಾದವನ ಜತೆ, ಯಮ್ಮಾ, ನಿಮ್ಮ ಸಲುವಾಗೇ ಬಂದೀನ್ರಿ, ನಾ ಕೊಂದಿಲ್ಲ ಅಂತ ಒಂದು ಮಾತು ಅನ್ರಿ, ಸ್ಪಷ್ಟನೆ ಹಾಕ್ತೀವಿ, ಸ್ವಲ್ಪ ಕಣ್ಣೀರು ಬಂದ್ರ ಚಲೋ — ನಾನು ಹಾಗೆ ಅಂದರೆ ಸಂಜೆಗೆ ಮಾತು ಬದಲಿಸಿದ ತಾಯಿ ಎಂದು ಬರುತ್ತದೆ, ಗೊತ್ತಿಲ್ಲವೇ ನನಗೆ, ಕತ್ತರಿಸಿದ ತುಂಡು ಎಲ್ಲೈತಪ್ಪ ಎಂದು ಕೇಳುತ್ತೇನೆ, ಯಾವುದ್ರಿ ಎನ್ನುತ್ತಾನೆ, ನಾನೇ ಕೊಂದೆ ಅಂದಮ್ಯಾಲಿಂದು, ಅದು ಡಿಲೀಟ್ ಆಗ್ಯಾದ್ರಿ, ಭಾಳ ಉದ್ದ ಇತ್ತು, ಅಷ್ಟು ಹೊತ್ತು ಯಾರೂ ನೋಡಂಗಿಲ್ಲ. ನಿನ್ನತ್ರ ಡಿಲೀಟ್ ಆದ್ರ ನನ್ನ ಬಾಯಾಗ ಐತಿ, ದಾರಿ ಬಿಡು. ಸಿದ್ದರಾಮ ಸೆರಗು ಜಗ್ಗುತ್ತಾನೆ, ಯಕ್ಕಾ, ನಂದಲ್ಲ ಅನ್ನು, ಯಕ್ಕಾ — ನಂದೇ ಅನ್ನುತ್ತೇನೆ ತಮ್ಮಾ, ಸೋತರೂ ನಂದೇ ಅನ್ನುತ್ತೇನೆ, ನಗುವವರು ನಗಲಿ, ಕರಿ ಕೋಟಿನವರ ನಡುವೆಯೇ ಕೂಗಿ ಹಾಡುತ್ತೇನೆ. ಆದಮ್ಮ, ಎಂದು ಒಳಗಿನಿಂದ ನನ್ನ ಹೆಸರು ಕರೆಯುತ್ತಾರೆ, ಆದಮ್ಮ, ಎಷ್ಟು ದೊಡ್ಡ ಕೋಣೆ, ಅಳಿಯ ತಲೆ ತಗ್ಗಿಸಿದ್ದಾನೆ, ಅವನ ವಕೀಲ ಫೋನು ಮೇಲೆತ್ತಿ ತೋರಿಸುತ್ತಾನೆ, ಈ ದನಿ ನಿಮ್ಮದೇನಮ್ಮ ಎಂದು ಸಾಹೇಬರು ಕೇಳುತ್ತಾರೆ, ನಂದೇ ರೀ ಸಾಹೇಬ್ರ, ಅರ್ಧಕ್ಕ ಕತ್ತರಿಸ್ಯಾರ, ಉಳಿದಿದ್ದು ಈಗ ಕೇಳ್ರಿ, ಯಾರೋ ಒಂದು ಮೈಕನ್ನು ನನ್ನ ಮುಂದೆ ಸರಿಸುತ್ತಾರೆ, ಅದು ಬ್ಯಾಡ್ರಿ, ನನ್ನ ದನಿ ತಾನೇ ಕೇಳಸ್ತೈತಿ, ಕೈಯಿಂದ ಅದನ್ನು ದೂಡುತ್ತೇನೆ, ಬಾಯಿ ತೆರೆಯುತ್ತೇನೆ, ಕಣ್ಣ ಮುಂದೆ ಮತ್ತೆ ಗೋಡೆಗೊರಗಿ ಜಯಶ್ರೀ ಕೂತಿದ್ದಾಳೆ, ಹೂವು ಸರಿಸಿದ ಮಡಿಲು, ಮಡಿಲಲ್ಲಿ ಮೈಕು, ಮಡಿಲಲ್ಲಿ ಮೈಕು