ದುರುಗಮ್ಮನ ದನಿ

ದಾವಣಗೆರೆ ಕಡೆಯ ತ್ಯಾವಣಿಗೆಯ ಓಂಕಾರಪ್ಪ ಬೆಂಗಳೂರಿನಲ್ಲಿ ಹದಿನೈದು ವರ್ಷ ದುಡಿದ ಮೇಲೆ, 1987ರಲ್ಲಿ ಮೊದಲ ಸಲ ಟಿವಿ ಧಾರಾವಾಹಿಯೊಂದಕ್ಕೆ ಕಾರ್ಯನಿರ್ವಾಹಕ ನಿರ್ಮಾಪಕನಾದ. ಚಿತ್ರೀಕರಣ ಅದೇ ಸೀಮೆಯ ಜಗಳೂರಿನಲ್ಲಿ ನಡೆಯಿತು. ತಾಯಿಯ ಪಾತ್ರಕ್ಕೆ ಅವನು ಆರಿಸಿದ್ದು ಅಲ್ಲಿಯ ಕೂಲಿ ಹೆಂಗಸು ದುರುಗಮ್ಮನನ್ನು. ಕ್ಯಾಮೆರಾದ ಮುಂದೆ ಅವಳು ತನ್ನ ಊರ ಮಾತಿನಲ್ಲೇ ಆಡಿದಳು, ಒಂದು ಮಾತನ್ನೂ ತಪ್ಪಾಗಿ ಹೇಳಲಿಲ್ಲ.

ಮೊದಲ ಕಂತು ಪ್ರಸಾರವಾದ ಸಂಜೆ ಓಂಕಾರಪ್ಪ ಜಗಳೂರಿಗೇ ಬಂದು, ಊರವರೆಲ್ಲ ಸೇರಿದ್ದ ಪಂಚಾಯ್ತಿ ಅಂಗಳದ ಟಿವಿಯ ಮುಂದೆ ಅವಳ ಪಕ್ಕದಲ್ಲಿ ಕುಳಿತ. ತೆರೆಯ ಮೇಲೆ ದುರುಗಮ್ಮ ಬಾಯಿ ತೆರೆದಳು. ಕೇಳಿಬಂದದ್ದು ಬೇರೆ ಯಾರೋ ಹೆಂಗಸಿನ ನಯವಾದ ದನಿ. ಜನ ಗೊಳ್ಳೆಂದು ನಕ್ಕರು. ದುರುಗಮ್ಮ ಗಂಟಲ ಮೇಲೆ ಕೈಯಿಟ್ಟುಕೊಂಡು ಓಂಕಾರಪ್ಪನ ಕಡೆ ತಿರುಗಿದಳು.

“ಇದು ನನ್ನ ದನಿ ಅಲ್ಲ,” ಎಂದಳು. “ನಂದು ಏನ್ ಮಾಡಿದ್ರಿ ಸಾರ್?”

“ನಮ್ಮ ಕಡೆ ಮಾತು ಬೇರೆಯೋರಿಗೆ ತಿಳಿಯಲ್ಲ ಅಂತ ಬದಲಾಯಿಸಿದ್ವಿ.”

“ನಿಮಗೆ ತಿಳೀತಿತ್ತಲ್ರೀ. ನನ್ ಜೊತೆ ನೀವೂ ಹಿಂಗೇ ಮಾತಾಡ್ತಿದ್ರಿ.”

ದನಿ ಬದಲಿಸಲು ಓಂಕಾರಪ್ಪನನ್ನು ಯಾರೂ ಒತ್ತಾಯಿಸಿರಲಿಲ್ಲ. ಸ್ಟುಡಿಯೋದಲ್ಲಿ ಬೇರೆಯವರಿಂದ ಆಡಿಸಿ ಎಂದವನು ಅವನೇ. ತನ್ನ ಹೆತ್ತ ತಾಯಿ ಆಡುತ್ತಿದ್ದ ಮಾತನ್ನು ತಾನೇ ಒರೆಸಿ ಹಾಕಿದ್ದೇನೆಂದು ಅಲ್ಲಿಯವರೆಗೆ ಅವನಿಗೆ ಹೊಳೆದಿರಲಿಲ್ಲ.

ಮರುದಿನವೇ ದುರುಗಮ್ಮನನ್ನು ಬೆಂಗಳೂರಿಗೆ ಕರೆದೊಯ್ದು, ಉಳಿದ ಕಂತುಗಳ ಮಾತನ್ನೆಲ್ಲ ಅವಳಿಂದಲೇ ಆಡಿಸಿದ. ಮೂರನೆಯ ಕಂತಿನಲ್ಲಿ ಅವಳು ಮಗನನ್ನು ಬೈಯುವಾಗ ಪಂಚಾಯ್ತಿ ಅಂಗಳದಲ್ಲಿ ಯಾರೂ ನಗಲಿಲ್ಲ, ಕಿವಿಗೊಟ್ಟು ಕೇಳಿದರು. ತಮ್ಮ ಒಪ್ಪಿಗೆ ಪಡೆಯದೆ ದನಿ ಬದಲಿಸಿದ್ದಕ್ಕೆ, ಧಾರಾವಾಹಿ ಮಾಡಿಸುತ್ತಿದ್ದ ಕಂಪನಿ ಓಂಕಾರಪ್ಪನಿಗೆ ಮತ್ತೊಂದು ಧಾರಾವಾಹಿ ಕೊಡಲಿಲ್ಲ. ಎರಡು ವರ್ಷ ಅವನು ಸೋಪಿನ ಜಾಹೀರಾತುಗಳಿಗೆ ದುಡಿದ.