ಮೂರು ಅಳತೆ ಎಣ್ಣೆ

ತಾಂಬೂಲದ ತಟ್ಟೆ ಇನ್ನೂ ಬೀಗರ ಕೈಗೂ ತನ್ನ ಕೈಗೂ ನಡುವೆ ಇತ್ತು, ಅಷ್ಟರಲ್ಲೇ ಸೌಡಪ್ಪನ ಬಾಯಿಂದ ಮಾತು ಹೊರಬಿದ್ದೇಬಿಟ್ಟಿತು.

"ಸೈಕಲ್ಲಾ? ನನ್ನ ಮಾಪ್ಳೆ, ನನ್ನ ಅಳಿಯ, ಸೈಕಲ್ ತುಳಿಯೋದಾ? ಮೋಟಾರ್ ಬೈಕ್ ಕೊಡ್ತೀನಿ ನಾನು!"

ಯಾರೂ ಕೇಳಿರಲಿಲ್ಲ. ನಮ್ಮ ಹುಡುಗ ದಂಡಪಾಣಿ ಸೈಕಲ್ಲಿನಲ್ಲೇ ಸುತ್ತಿ ನೂಲಿನ ವ್ಯಾಪಾರ ಮಾಡುತ್ತಾನೆ ಎಂದು ವೆಳ್ಳಕೋಯಿಲಿನ ಬೀಗರು ಹೇಳಿದ್ದರು, ಅಷ್ಟೆ. ಅದಕ್ಕೆ ಸಿರುಮುಗೈಯ ಸೌಡಪ್ಪ ಸುಮ್ಮನಿರುವ ಆಸಾಮಿಯೇ? ಅವನು ನೇಯುವ ಸೀರೆಗಿಂತ ಬಿಡುವ ಬುರುಡೆ ಎರಡು ಮೊಳ ಉದ್ದ. ಭವಾನಿ ಹೊಳೆಯಲ್ಲಿ ಗಾಳಕ್ಕೆ ಬಿದ್ದ ಮೀನು ತನ್ನನ್ನು ಮೆಟ್ಟುಪಾಳ್ಯಂವರೆಗೆ ಎಳೆದುಕೊಂಡು ಹೋಯಿತೆಂದೂ, ಅಲ್ಲಿ ರೈಲಿನವರು ಮೀನಿಗೂ ಸೇರಿಸಿ ಒಂದೂವರೆ ಟಿಕೆಟ್ ಹರಿದರೆಂದೂ ಅವನು ಹೇಳಿದರೆ, ಸುಳ್ಳೆಂದು ಗೊತ್ತಿದ್ದೂ ಬೀದಿಯವರೆಲ್ಲ ಮಗ್ಗ ನಿಲ್ಲಿಸಿ ಬಂದು ಕೇಳುತ್ತಿದ್ದರು. ಆದರೆ ಕುಲದೇವಿ ಸೌಡಮ್ಮನ ಪಟದ ಮುಂದೆ ದೀಪ ಉರಿಯುವಾಗ, ಐದು ಜನ ಹಿರಿಯರ ಎದುರು ತಾಂಬೂಲ ಹಿಡಿದು ಆಡಿದ ಮಾತು ಬುರುಡೆಯಾಗುವುದಿಲ್ಲ. ಅದನ್ನು ನಡೆಸಿಕೊಡಬೇಕು.

ಬೀಗರು ಬಂಡಿ ಹತ್ತಿದ ಮೇಲೆ ಹೆಂಡತಿ ಪಳನಿಯಮ್ಮ ತಲೆಯ ಮೇಲೆ ಕೈ ಹೊತ್ತಳು. "ಏರೋಪ್ಲೇನ್ ಕೊಡ್ತೀನಿ ಅನ್ನಬೇಕಾಗಿತ್ತು. ಸೂಲೂರಲ್ಲಿ ಸಾಲಾಗಿ ನಿಂತಿರ್ತವಲ್ಲ, ಒಂದನ್ನು ಓಡಿಸ್ಕೊಂಡು ಬರ್ತಿದ್ರಿ."

"ನಮ್ಮ ಬೀದಿ ಚಿಕ್ಕದು, ಇಳಿಸೋಕೆ ಆಗಲ್ಲ," ಎಂದ ಸೌಡಪ್ಪ. ನಕ್ಕಿದ್ದು ಮಗಳು ವಳ್ಳಿ ಒಬ್ಬಳೇ.

ಮನೆಯಲ್ಲಿ ಎರಡು ಗುಂಡಿಮಗ್ಗಗಳಿದ್ದವು. ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ವಳ್ಳಿ. ಹೇಗಿದ್ದರೂ ಅವಳು ಹೋಗುವವಳು ಎಂದು ಗಾಡಿಯ ದುಡ್ಡಿಗೆ ಅವಳ ಮಗ್ಗವನ್ನು ಮಾರಿದರು. ಆ ವಾರವೇ ಮೆಟ್ಟುಪಾಳ್ಯಂನ ಮೆಕಾನಿಕ್ ತಂಗವೇಲುವನ್ನು ಜೊತೆಗೆ ಕರೆದುಕೊಂಡು ಅಪ್ಪ, ಮಗಳು ಬಸ್ಸು ಹತ್ತಿ ಕೊಯಮತ್ತೂರಿಗೆ ಹೋದರು. ಮಗಳು ಯಾಕೆ ಎಂದು ಪಳನಿಯಮ್ಮ ಕೇಳಿದ್ದಕ್ಕೆ, "ನೂಲಿನಲ್ಲಿ ಗಂಟು ಎಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳೋಳು ಅವಳು. ಮೋಸ ಹೋಗೋದು ನಾನು," ಎಂದ. ಅವನ ಬಾಯಿಂದ ಬಂದ ಕೆಲವೇ ನಿಜಗಳಲ್ಲಿ ಅದೊಂದು.

ಹಳೆಯ ಗಾಡಿಗಳ ಶೆಡ್ಡಿನಲ್ಲಿ ಸೌಡಪ್ಪನ ಕಣ್ಣು ಹೋದದ್ದು ಮಿಲಿಟರಿಯವರು ಬಿಟ್ಟುಹೋಗಿದ್ದ ಎಮ್ಮೆಯಂಥ ಗಾಡಿಯ ಮೇಲೆ. ಹತ್ತಿ ಕೂತ. ಎರಡು ಕಾಲೂ ನೆಲಕ್ಕೆ ಸಿಗದೆ ತೂಗಾಡಿದವು. ವಳ್ಳಿ ಮೂಲೆಯಲ್ಲಿದ್ದ ತಿಳಿ ಹಸಿರು ಬಣ್ಣದ ಚಿಕ್ಕ ಗಾಡಿಯ ಮುಂದೆ ಕೂತು, ಅದನ್ನು ಸ್ಟಾರ್ಟ್ ಮಾಡಿಸಿ, ಸದ್ದಿಗೆ ಕಿವಿಗೊಟ್ಟು, "ಅಪ್ಪಾ, ಇದು ಸರಿಯಾಗಿ ನೇಯ್ತಾ ಇದೆ," ಎಂದಳು.

ತಂಗವೇಲು ಗಾಡಿಯ ಹೊಟ್ಟೆ ಬಗ್ಗಿ ನೋಡಿ ತಲೆಯಾಡಿಸಿದ. "ನಿಮ್ಮ ಪಾಪಾ ಸರಿಯಾದದ್ದೇ ಹಿಡಿದವಳೆ, ಚೆಟ್ಟಿಯಾರೇ. ಆದ್ರೆ ಒಂದು ಕೇಳ್ಕೊಳ್ಳಿ. ದೊಡ್ಡ ಗಾಡಿಗಳಿಗೆ ಪೆಟ್ರೋಲ್ ಬೇರೆ, ಎಣ್ಣೆ ಬೇರೆ. ಇದು ಹಾಲು ಕುಡಿಯೋ ಮಗು. ಎರಡೂ ಕಲಸಿಯೇ ಕುಡಿಸ್ಬೇಕು. ಇಗೋ, ಟ್ಯಾಂಕಿನ ಮುಚ್ಚಳದ ಕೆಳಗೇ ಅಳತೆ ಬಟ್ಟಲು ಇದೆ. ಗ್ಯಾಲನ್ನಿಗೆ ಮೂರು ಅಳತೆ ಎಣ್ಣೆ. ಸ್ವಲ್ಪ ಹೊಗೆ ಬಿಡುತ್ತೆ, ಬಿಡ್ಲಿ. ಎಣ್ಣೆ ಹಾಕದಿದ್ರೆ ಒಳಗೆ ಕಬ್ಬಿಣಕ್ಕೆ ಕಬ್ಬಿಣ ಕಚ್ಚಿಕೊಂಡು, ಓಡ್ತಾ ಓಡ್ತಾನೇ ಗಕ್ಕಂತ ನಿಂತುಬಿಡುತ್ತೆ."

ವಳ್ಳಿಯ ಮಗ್ಗವಿದ್ದ ಗುಂಡಿಗೆ ಹಲಗೆ ಮುಚ್ಚಿ ಅದರ ಮೇಲೆ ಗಾಡಿ ನಿಲ್ಲಿಸಿದರು. ಮದುವೆಗೆ ನಾಲ್ಕು ತಿಂಗಳಿತ್ತು. ಅಲ್ಲಿಯವರೆಗೆ ಗಾಡಿ ಸುಮ್ಮನೆ ನಿಂತರೆ ಕೆಡುತ್ತದೆ, ದಿನಾ ಓಡಬೇಕು ಎಂದ ತಂಗವೇಲು. ಹೀಗೆ ನಲವತ್ತೇಳನೇ ವಯಸ್ಸಿನಲ್ಲಿ ಸೌಡಪ್ಪ ಕೆಂಪು 'ಎಲ್' ಹಲಗೆ ಕಟ್ಟಿಕೊಂಡು ಹೊಳೆಯ ದಾರಿಗೆ ಇಳಿದ.

ಬೀದಿಯವರು ಅಷ್ಟು ನಕ್ಕದ್ದು ಅದಕ್ಕೆ ಮುಂಚೆ ಇಲ್ಲ, ಆಮೇಲೂ ಇಲ್ಲ. ಮೂವತ್ತು ವರ್ಷ ಮಗ್ಗದ ಗುಂಡಿಯಲ್ಲಿ ಎಡ ಬಲ, ಎಡ ಬಲ ತುಳಿದ ಕಾಲುಗಳವು. ಗಾಡಿಯಲ್ಲಿ ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ಕೈ ಮುಂದಕ್ಕೆ ಹೋದ ಕೂಡಲೇ ಕಾಲುಗಳು ತಮ್ಮ ಪಾಡಿಗೆ ನೇಯಲು ಶುರುಮಾಡುತ್ತಿದ್ದವು. ಗೇರು, ಬ್ರೇಕು, ಗೇರು, ಬ್ರೇಕು. ಗಾಡಿ ಆಡಿನಂತೆ ಕುಪ್ಪಳಿಸುತ್ತ ಹೋಗಿ ಬಾಳೆತೋಟಕ್ಕೆ ನುಗ್ಗುತ್ತಿತ್ತು.

"ಅಪ್ಪಾ, ಸೀರೆ ಎಷ್ಟು ಮೊಳ ಆಯ್ತು?" ಎಂದು ವಳ್ಳಿ ಹಿಂದಿನಿಂದ ಓಡಿ ಬರುತ್ತಿದ್ದಳು.

"ಸೆರಗು ಬಾಕಿ ಇದೆ, ನನ್ನ ಕಣ್ಣು!" ಎಂದು ಬಾಳೆಗಿಡಗಳ ಒಳಗಿಂದ ಉತ್ತರ ಬರುತ್ತಿತ್ತು.

ಅಪ್ಪ ಬೀಳುವುದನ್ನು ಕಲಿತ, ಮಗಳು ಗಾಡಿಯನ್ನೇ ಕಲಿತಳು. ಮಗ್ಗದ ಹಳೆಯ ಹಣಿಗೆಯ ಕಡ್ಡಿಯಿಂದ ಪ್ಲಗ್ಗಿನ ಮಸಿ ಕೆರೆಯುತ್ತಿದ್ದಳು. ಸರಪಳಿ ಸಡಿಲವಾದರೆ ಹಾಸಿನ ಎಳೆ ಬಿಗಿಯುವಂತೆ ಬೆರಳಿನಲ್ಲಿ ಮಿಡಿದು ನೋಡಿ ಬಿಗಿಯುತ್ತಿದ್ದಳು. ಮೂರು ಅಳತೆ ಎಣ್ಣೆಯನ್ನು ಅವಳು ಒಂದು ಹನಿ ಚೆಲ್ಲದೆ ಹಾಕುತ್ತಿದ್ದಳು. ಯಾರನ್ನೂ ಕೇಳುತ್ತಿರಲಿಲ್ಲ. ಸೌಡಪ್ಪ ಬಾಯಿ ತೆರೆಯುವ ಮೊದಲೇ ಅವಳ ಕೈ ಕೆಲಸ ಮುಗಿಸಿರುತ್ತಿತ್ತು. ಒಂದು ಸಂಜೆ ಅವಳು ಸೆರಗು ಸಿಕ್ಕಿಸಿಕೊಂಡು, ಹೊಳೆಯವರೆಗೆ ಒಬ್ಬಳೇ ಹೋಗಿ ತಿರುಗಿ ಬಂದಳು. ಸೌಡಪ್ಪ ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೂ ಬುರುಡೆ ಎನ್ನುತ್ತಿದ್ದರು.

ಮದುವೆಯ ಬಳೆಶಾಸ್ತ್ರದಲ್ಲಿ ಬೀಗಿತ್ತಿ ನಾಚಿಯಮ್ಮ ವಳ್ಳಿಯ ಕೈ ಹಿಡಿದವಳು ಹಾಗೇ ನಿಂತಳು. "ಇದೇನು ಉಗುರಲ್ಲಿ ಕಪ್ಪು? ಮರುದಾಣಿ ಕೆಂಪು ಹಚ್ಚಿದ್ರೂ ಹೋಗಿಲ್ಲ?"

ಸೌಡಪ್ಪ ನಗುತ್ತ ಮುಂದೆ ಬಂದ.

"ಅದು ನೂಲಿನ ಬಣ್ಣ, ಸಂಬಂದಿಯಮ್ಮಾ! ವಂಡಿ ಎಣ್ಣೆ, ಗಾಡಿ ಎಣ್ಣೆ ಅಂದ್ಕೊಂಡ್ರಾ? ನಮ್ಮ ಹುಡುಗಿಗೆ ನಟ್ಟಿಗೂ ಬದನೆಕಾಯಿಗೂ ಭೇದ ತೆರಿಯದು, ಗೊತ್ತಾಗದು. ನಟ್ಟು ಕೊಟ್ರೆ ಸಾಂಬಾರಿಗೆ ಹಾಕ್ತಾಳೆ."

ಎಲ್ಲರೂ ನಕ್ಕರು. ದಂಡಪಾಣಿಯೂ ನಕ್ಕ. ಆ ಬೆಳಿಗ್ಗೆ ಗಾಡಿ ಒಪ್ಪಿಸುತ್ತ ತಂಗವೇಲು ಎಣ್ಣೆಯ ವಿಷಯ ಹೇಳುತ್ತಿದ್ದಾಗ ಅವನು ಹ್ಯಾಂಡಲಿನ ಕನ್ನಡಿಯಲ್ಲಿ ಕ್ರಾಪು ನೋಡಿಕೊಳ್ಳುತ್ತ ಹೂಂ ಹೂಂ ಎಂದಿದ್ದ.

ಹೊರಡುವ ಮುಂಚೆ ಸೌಡಪ್ಪ ಮಗಳನ್ನು ಪಕ್ಕಕ್ಕೆ ಕರೆದ. "ಕಣ್ಣು, ಅಲ್ಲಿ ವಂಡಿ ಮಾತಿಗೆ ಬಾಯಿ ಬಿಡಬೇಡ. ಗಂಡಸಿನ ಮಾನ. ನಿನಗೆ ಒಂದೂ ತೆರಿಯದು, ಆಯ್ತಾ?"

"ಎಣ್ಣೆ ಮರೆತ್ರೆ?"

"ಮರೆತ್ರೆ ಅವರ ವಂಡಿ, ಅವರ ಪಾಡು. ನನ್ನ ಕೈಮೇಲೆ ಆಣೆ ಇಡು."

ವಳ್ಳಿ ಇಟ್ಟಳು. ಸೌಡಪ್ಪ ಅವಳ ಪೆಟ್ಟಿಗೆಯಲ್ಲಿ ಒಂದು ಡಬ್ಬಿ ಎಣ್ಣೆಯನ್ನು ಸೀರೆಯಲ್ಲಿ ಸುತ್ತಿಟ್ಟ. ತಂದೆಯ ಮನಸ್ಸು, ತಡೆಯಲಿಲ್ಲ.

ಎರಡು ತಿಂಗಳು ಅವನು ಬೀದಿಗೆಲ್ಲ ಕಥೆ ಹೇಳಿದ. ಮಾಪ್ಳೆ ಕಾಂಗೇಯಂ ರಸ್ತೆಯಲ್ಲಿ ಹೊರಟರೆ ಬಸ್ಸುಗಳು ಪಕ್ಕಕ್ಕೆ ನಿಂತು ಹಾರ್ನ್ ಹೊಡೆದು ಕೈಮುಗಿಯುತ್ತವಂತೆ. ಮೂರನೆಯ ತಿಂಗಳು, ಹಾಸಿನ ನೂಲಿನ ಪಾವು ಚಾಚಿ ಗಂಜಿ ಹಚ್ಚುವ ಬೆಳಗಿನ ಹೊತ್ತಿನಲ್ಲಿ, ಬೀದಿಯ ಉದ್ದಕ್ಕೂ ಬಿಗಿದ ನೂಲಿನ ಆ ತುದಿಯಲ್ಲಿ ಒಂದು ಎತ್ತಿನ ಬಂಡಿ ನಿಂತಿತು. ಬಂಡಿಯಲ್ಲಿ ಹಗ್ಗ ಬಿಗಿದ ಹಸಿರು ಗಾಡಿ ಅಡ್ಡ ಮಲಗಿತ್ತು. ಅದರ ಪಕ್ಕದಲ್ಲಿ ವಳ್ಳಿ, ಅವಳ ಪೆಟ್ಟಿಗೆ. ವೆಳ್ಳಕೋಯಿಲಿನಿಂದ ಹತ್ತಿಯ ಲಾರಿಯಲ್ಲಿ ಮೆಟ್ಟುಪಾಳ್ಯಂಗೆ ಹಾಕಿ, ಅಲ್ಲಿಂದ ಬಂಡಿಗೆ ಏರಿಸಿ ಕಳಿಸಿದ್ದರು.

ಒಣಗುವ ಮುಂಚೆ ಪಾವು ಬಿಡುವಂತಿಲ್ಲ. ಸೌಡಪ್ಪ ಕೈಯಲ್ಲಿ ಗಂಜಿಯ ಕುಂಚ ಹಿಡಿದೇ ನೂಲಿನ ಪಕ್ಕದಲ್ಲಿ ಆ ತುದಿಯವರೆಗೆ ನಡೆದ. ಯಾವತ್ತೂ ಅಷ್ಟು ಉದ್ದದ ಪಾವು ಅವನು ಚಾಚಿರಲಿಲ್ಲ.

ಬಂಡಿಯವನು ಬೀಗರು ಹೇಳಿಕಳಿಸಿದ್ದ ಮಾತನ್ನು ತಲೆ ತಗ್ಗಿಸಿ ಒಪ್ಪಿಸಿದ. ಸಂತೆಯ ದಿನ, ಜನದ ಮಧ್ಯೆ ಗಾಡಿ ಗಕ್ಕಂತ ನಿಂತು ಮಾಪ್ಳೆ ಮುಗ್ಗರಿಸಿ ಬಿದ್ದು ಮುಂದಿನ ಎರಡು ಹಲ್ಲು ಮುರಿದವಂತೆ. ಸಂತೆಯೆಲ್ಲ ನಕ್ಕಿತಂತೆ. ಅವಮಾನ ಮಾಡಲೆಂದೇ ಕೆಟ್ಟುಹೋದ ಓಟೆ ಗಾಡಿ ಕೊಟ್ಟವನ ಮಗಳು ತಮಗೆ ಬೇಡವಂತೆ.

ಮಧ್ಯಾಹ್ನ ತಂಗವೇಲು ಬಂದು ಇಂಜಿನ್ ಬಿಚ್ಚಿದ. ಒಳಗಿನ ಪಿಸ್ಟನ್ನು ಬೆಕ್ಕು ಪರಚಿದಂತೆ ಗೀರುಬಿದ್ದು ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಅವನು ಬೆರಳಿಟ್ಟು ಮೂಸಿ ನೋಡಿದ.

"ಎಣ್ಣೆ ವಾಸನೇನೇ ಇಲ್ಲ ಚೆಟ್ಟಿಯಾರೇ. ಬರೀ ಪೆಟ್ರೋಲು."

"ಹೊಗೆ ಬರುತ್ತೆ ಅಂತ," ಎಂದಳು ಕಂಬಕ್ಕೆ ಒರಗಿ ಕೂತಿದ್ದ ವಳ್ಳಿ. "ದೊಡ್ಡ ಗಾಡಿ ಇರೋ ಅವರ ಸ್ನೇಹಿತರು ನಗ್ತಿದ್ರು, ಉಟ್ಟ ಬಿಳಿ ವೇಷ್ಟಿ ಕೊಳೆ ಆಗ್ತಿತ್ತು. ಅದಕ್ಕೆ ಎಣ್ಣೆ ಬಿಟ್ಟುಬಿಟ್ರು."

"ನೀನು ನೋಡಿದ್ಯಾ?"

"ನನ್ನ ಕಣ್ಣ ಮುಂದೇನೇ ಬರೀ ಪೆಟ್ರೋಲ್ ಹಾಕಿದ್ದು. ಸಂತೆಗೆ ಹೊರಡುವಾಗ ಸದ್ದೂ ಬೇರೆ ಆಗಿತ್ತು."

"ಒಂದು ಮಾತು ಹೇಳಬೇಕಲ್ಲ ಕಣ್ಣು!" ಸೌಡಪ್ಪನ ದನಿ ಏರಿತು. "ಬಾಯಿ ಇರಲಿಲ್ವಾ ನಿನಗೆ?"

ವಳ್ಳಿ ಅಪ್ಪನ ಮುಖ ನೋಡಿದಳು. ಸಿಟ್ಟಿನಿಂದಲ್ಲ. ಗಂಜಿ ಒಣಗಿ ಬಿರಿದಿದ್ದ ಅವನ ಬಲಗೈಯನ್ನು ನೋಡಿದಳು.

"ಆಣೆ ಇಟ್ಟಿದ್ದೆ ಅಪ್ಪಾ."

ತಂಗವೇಲು ಸ್ಪ್ಯಾನರುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡು ಎದ್ದುಹೋದ. ಬೀದಿಯವರು ಜಗಲಿಯ ಹತ್ತಿರ ಕೂಡಿದ್ದರು. ಪಕ್ಕದ ಮನೆಯ ಮಾರಪ್ಪನ್ ಒಳಗೆ ಇಣುಕಿ, "ಏನಣ್ಣಾ, ಏನಾಯ್ತು ಹೇಳಣ್ಣಾ," ಎಂದ. ಏನಾದರೂ ಒಂದು ಹೇಳಿಬಿಡಲಿ ಎಂದೇ ಎಲ್ಲರೂ ಕಾಯುತ್ತಿದ್ದರು. ಬಸ್ಸಿಗೆ ಗುದ್ದಿತು, ಆನೆ ಅಡ್ಡ ಬಂತು, ಏನನ್ನಾದರೂ. ನಂಬಲು ತಯಾರಾಗಿ ನಿಂತಿದ್ದರು. ಸೌಡಪ್ಪ ಕೈಗೆ ಅಂಟಿದ ಗಂಜಿಯನ್ನು ಉಗುರಿನಿಂದ ಕೆರೆಯುತ್ತ ಕೂತ. ಸ್ವಲ್ಪ ಹೊತ್ತಾದ ಮೇಲೆ ಅವರು ಒಬ್ಬೊಬ್ಬರಾಗಿ ಚದುರಿದರು.

ಗಾಡಿಯನ್ನು ಮತ್ತೆ ಅದೇ ಹಲಗೆಯ ಮೇಲೆ ನಿಲ್ಲಿಸಿದ್ದರು. ಕೂತು ನೇಯಲು ವಳ್ಳಿಗೆ ಮಗ್ಗವಿರಲಿಲ್ಲ. ಸಂಜೆ ಅವಳು ಮೂಲೆಯಲ್ಲಿದ್ದ ತನ್ನ ರಾಟೆ ಎಳೆದುಕೊಂಡು ಲಾಳಿಗೆ ನೂಲು ಸುತ್ತಲು ಕೂತಳು. ಮೂರು ತಿಂಗಳು ಯಾರೂ ಮುಟ್ಟದ ರಾಟೆ ಸುತ್ತು ಸುತ್ತಿಗೂ ಕಿರ್ರ್ ಎಂದಿತು. ಗುಂಡಿಯಲ್ಲಿ ಕೂತ ಸೌಡಪ್ಪನ ಕೈ ಆಡಲಿಲ್ಲ. ಕಾಲುಗಳು ಮಾತ್ರ ಎಡ ಬಲ, ಎಡ ಬಲ ಖಾಲಿ ತುಳಿಯುತ್ತಿದ್ದವು.

ವಳ್ಳಿ ಎದ್ದು ಪೆಟ್ಟಿಗೆ ತೆರೆದಳು. ಸೀರೆಯ ಮಡಿಕೆಯಿಂದ ಎಣ್ಣೆಯ ಡಬ್ಬಿ ತೆಗೆದಳು. ಮುಚ್ಚಳದ ಮೇಲೆ ಅಪ್ಪ ಸುತ್ತಿದ್ದ ದಾರ ಹಾಗೇ ಇತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು ರಾಟೆಯ ಪಕ್ಕದಲ್ಲಿ ನಿಂತಳು.

"ಅಪ್ಪಾ," ಎಂದಳು, "ರಾಟೆಗೆ ಹಾಕ್ಲಾ?"

ಸೌಡಪ್ಪನ ಕಾಲು ನಿಂತಿತು. ಅಪ್ಪ ಹೇಳಲಿ ಎಂದು ಅವಳು ದಾರ ಬಿಚ್ಚದೆ ಕಾಯುತ್ತಿದ್ದಳು.